ಚುಕ್ಕಿ ಇಟ್ಟ ಹೆಸರು

ಹಿಯುಮಾ ದ್ವೀಪದಲ್ಲಿ ಚಳಿಗಾಲಕ್ಕೆ ಯಾರೇ ಬರಲಿ
ಹೊಸಿಲು ದಾಟಿದ ಕೂಡಲೇ ಬೂಟು ಕಳಚುತ್ತಾರೆ.
ಹಿಮ ಕರಗಿ ನೆಲವೆಲ್ಲ ಪಿಚಪಿಚ.
ವಿರ್ವೆಯ ಅಮ್ಮ ಗೋಡೆಗೊಂದು ಹಲಗೆ ಹೊಡೆಸಿದ್ದಳು.
ಬೂಟು ಅಲ್ಲಿ, ಕೈಗವಸು ಅದರ ಮೇಲೆ.
ನೆಂಟರು ಅದನ್ನು ನೋಡಿ, ಚೆನ್ನಾಗಿದೆ ಅಂದು,
ನಡುಮನೆಯಲ್ಲೇ ಬಿಟ್ಟು ಕೂರುತ್ತಿದ್ದರು.

ವಿರ್ವೆ ಬರೆದ ಪ್ರೋಗ್ರಾಮೂ ಅಂಥದೇ ನೆಂಟ.
ಹೆಸರು ಯ್ಯಾ. ಅವರ ನುಡಿಯಲ್ಲಿ ಮಂಜುಗಡ್ಡೆ.
ಕಪ್ಪು ಪರದೆಯಲ್ಲಿ ಮೂರಕ್ಷರ ಒತ್ತಿದರೆ
ಹೆಪ್ಪುಗಟ್ಟಿದ ಕಡಲ ಮೇಲಿನ ಹಾದಿ
ಇವತ್ತು ಎಷ್ಟು ದಪ್ಪ, ಬಂಡಿ ಬಿಡಬಹುದೇ, ಹೇಳುತ್ತದೆ.
ಚಿತ್ರವಿಲ್ಲ, ಗುಂಡಿಯಿಲ್ಲ, ಉಭಯ ಕುಶಲೋಪರಿ ಇಲ್ಲ.

ಅದಕ್ಕೂ ನೆನಪಿಡಲು ಒಂದು ಮೂಲೆ ಬೇಕಲ್ಲ:
ಯಾವ ದಡ, ಯಾವ ಅಳತೆಗೋಲು,
ಕನಿಷ್ಠ ಎಷ್ಟು ಸೆಂಟಿಮೀಟರು.
ಇಪ್ಪತ್ತು ವರ್ಷದ ಹಿಂದೆ, ಎಲ್ಲರಂತೆ ಅವಳೂ
ಬಳಸುವವರ ಮನೆಯ ನಟ್ಟನಡುವೆ ಒಂದು ಕಡತ ಇಟ್ಟಳು,
ಹೆಸರಿನ ಮುಂದೊಂದು ಚುಕ್ಕಿ ಇಟ್ಟು.
ನಮ್ಮ ಕಡೆ ಕೂಸಿನ ಕೆನ್ನೆಗೆ ಇಡುತ್ತಾರಲ್ಲ, ಹಾಗೆ:
ಕಣ್ಣು ಬೀಳದಿರಲಿ ಅಂತ.
ಬೀಳಲಿಲ್ಲ.
ಅವಳದೂ ಬೀಳಲಿಲ್ಲ.

ಕಳೆದ ವರ್ಷ ಕೆಲಸಕ್ಕೆ ಸೇರಿದ ಹುಡುಗ, ರಾಗ್ನಾರ್,
ಕಾಫಿ ಆರುವವರೆಗೆ ವಾದಿಸಿದ.
ಎಲ್ಲರಿಗೂ ಒಂದೇ ಕಪಾಟು ಸಾಕು, ಕಾನ್ಫಿಗ್ ಅಂತ,
ಒಳಗೆ ಯಾರ ಖಾನೆ ಅವರಿಗೆ,
ಮನೆ ಮನೆಯ ಹಾಗಿರಲಿ ಅಂದ.
ವಿರ್ವೆ ಒಪ್ಪಿದಳು. ಹೊಸ ಜಾಗ, ಹೊಸ ಕಡತ.
ಒಳಸೆಳೆತ ಹೆಚ್ಚಿದ ವರ್ಷವೆಂದು
ಇಪ್ಪತ್ತೆರಡನ್ನು ಇಪ್ಪತ್ತೆಂಟು ಮಾಡಿದಳು.
ಹಳಬರ ಮೇಲಿನ ಕನಿಕರಕ್ಕೆ ಒಂದು ಸಾಲು ಉಳಿಸಿದಳು:
ಮೊದಲು ಹಳೆ ಜಾಗ ನೋಡು,
ಸಿಕ್ಕರೆ ಅಲ್ಲೇ ನಿಲ್ಲು.

ಸಿಕ್ಕಿತು.
ಬಂದರಿನ ಕಂಪ್ಯೂಟರಿನಲ್ಲಿ ಚುಕ್ಕಿಯ ಹಿಂದೆ
ಹಳೆ ಇಪ್ಪತ್ತೆರಡು ಮಲಗಿತ್ತು, ಕದಲದೆ.
ಫೆಬ್ರವರಿಯ ಒಂದು ಬೆಳಗ್ಗೆ ಯ್ಯಾ ಹೇಳಿತು: ಹೋಗಬಹುದು.

ಅಂಚೆ ವ್ಯಾನಿನ ಹೆಲ್ಯು ಸೀಟಿನ ಬೆಲ್ಟು ಬಿಚ್ಚಿದಳು.
ಆ ಹಾದಿಯಲ್ಲಿ ಅದೇ ನಿಯಮ,
ಮುಳುಗುವುದಾದರೆ ಕಟ್ಟಿಹಾಕಿಕೊಂಡು ಮುಳುಗಬಾರದು.
ನೂರು ಮಾರು ಹೋದಳೋ ಇಲ್ಲವೋ
ಗಾಲಿಯಡಿ ಹಸಿ ಮಡಕೆ ಬಿರಿದ ಸದ್ದು.
ಹಾಗೇ, ತಿರುಗಿಸದೆ, ಉಸಿರು ಹಿಡಿದು
ಬಂದ ಗೆರೆಯಲ್ಲೇ ಹಿಂದೆ ಹಿಂದೆ ಬಂದಳು.
ಅವತ್ತಿನ ಪತ್ರಗಳು ಒಂದು ದಿನ ತಡವಾದವು.
ಅಷ್ಟೇ ಆದದ್ದು.

ಆ ರಾತ್ರಿ ವಿರ್ವೆ ಬಂದರಿಗೆ ಹೋಗಿ
ಅಡಗಿದ್ದನ್ನೂ ತೋರಿಸು ಎಂದು ಆಜ್ಞೆ ಕೊಟ್ಟಳು.
ಅರವತ್ತೊಂದು ಕಡತ.
ಯಾವಾಗಲೋ ಅಳಿಸಿದ ಸಂಪಾದಕ, ಯಾರೋ ಒಮ್ಮೆ ಆಡಿದ ಚದುರಂಗ,
ಈಗಿಲ್ಲದ ಮುದ್ರಣಯಂತ್ರ.
ನೆಂಟ ಹೋಗಿ ಹತ್ತು ವರ್ಷ, ಬೂಟು ಇಲ್ಲೇ.
ಆ ರಾಶಿಯಲ್ಲಿ ಒಂದು ಜೊತೆ ತನ್ನದು.

ಈಗ ಯ್ಯಾ ಬಾಯಿ ತೆರೆಯುವ ಮುಂಚೆ
ಯಾವ ಕಡತ ಓದಿದೆನೆಂದು ಒಪ್ಪಿಸುತ್ತದೆ.
ಎರಡು ಕಡೆ ಎರಡು ಮಾತು ಕಂಡರೆ
ಹಾದಿಯ ಸುದ್ದಿಯನ್ನೇ ಎತ್ತುವುದಿಲ್ಲ.
ನೀವೇ ಒಂದನ್ನು ಅಳಿಸಿ, ಅನ್ನುತ್ತದೆ.
ರಾಗ್ನಾರ್‌ಗೆ ಇದು ಒರಟು ಅನಿಸಿತು. ಇರಲಿ.

ಹೆಲ್ಯು ಒಮ್ಮೆ ಬಂದು ಕೇಳಿದಳು:
ನನ್ನ ಜೀವವನ್ನು ಎಲ್ಲಿ ಬರೆದಿಟ್ಟಿದ್ದೀಯ, ತೋರಿಸು.
ವಿರ್ವೆ ಪರದೆ ತಿರುಗಿಸಿದಳು.
ಮೂವತ್ತು ವರ್ಷ ವಿಳಾಸ ಓದಿದ ಕಣ್ಣು
ಬೆರಳಿಟ್ಟು ನಿಧಾನ ಓದಿತು:
ಒಂದು ಅಲೆ. ಅದು ಮನೆ, ಅಂದಳು ವಿರ್ವೆ.
ಒಂದು ಓರೆಗೆರೆ. ಬಾಗಿಲು.
ಆಮೇಲೆ ಕಪಾಟು, ಖಾನೆ, ನಿನ್ನ ಇಪ್ಪತ್ತೆಂಟು.

ವಿಳಾಸ ಚೊಕ್ಕವಾಗಿದೆ, ಅಂದಳು ಹೆಲ್ಯು,
ಟೋಪಿ ಕಿವಿಗೆಳೆದುಕೊಂಡು.
ಆದರೆ ಆ ಕಪಾಟಿನ ಹೆಸರಿಗೂ
ಮುಂದೊಂದು ಚುಕ್ಕಿ ಇದೆಯಲ್ಲ,
ಅದು ಯಾಕೆ?

ಹೊರಗೆ, ಮಂಜಿನ ಅಂಚಲ್ಲಿ,
ಅವಳು ತನ್ನ ಕಬ್ಬಿಣದ ಸಲಾಕೆಯಿಂದ
ಕುಟ್ಟಿ ನೋಡುವ ಸದ್ದು
ಬಹಳ ಹೊತ್ತು ಕೇಳುತ್ತಿತ್ತು.